ಮಾವನ ಧೋತ್ರದ ಮೇಲೆ ನೀಲಿ ಹೆಜ್ಜೆಗಳು

ಮನುಷ್ಯ ಹೇಗೆ ನಡೆಯುತ್ತಾನೆ ಎಂಬುದನ್ನು ಕಲಿಸಿ ಸಂಬಳ ತೆಗೆದುಕೊಳ್ಳುವ ಕೆಲವೇ ಜನರಲ್ಲಿ ನಾನೂ ಒಬ್ಬ. ಫಿಸಿಯೋಥೆರಪಿ ಕಾಲೇಜಿನಲ್ಲಿ ಮೇಷ್ಟ್ರು. ಕೀಲು, ಸ್ನಾಯು, ನಡಿಗೆ ನನ್ನ ವಿಷಯ. "ರೋಗಿಯ ಬಾಯಿ ಸುಳ್ಳು ಹೇಳಬಹುದು, ಕಾಲು ಹೇಳುವುದಿಲ್ಲ" ಎಂದು ತರಗತಿಯಲ್ಲಿ ವರ್ಷಕ್ಕೊಮ್ಮೆ ಗಂಭೀರವಾಗಿ ಸಾರುತ್ತಿದ್ದೆ. ಹುಡುಗರು ಬರೆದುಕೊಳ್ಳುತ್ತಿದ್ದರು. ಪಾಪ!

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಮೇಷ್ಟ್ರಾಗಿದ್ದುಕೊಂಡೇ ಬರೆಯುತ್ತಿದ್ದ ಸ್ನಾತಕೋತ್ತರ ಪ್ರಬಂಧಕ್ಕೆ ಮೊಣಕಾಲು ನೋವಿರುವ ಮೂವತ್ತು ಹೆಂಗಸರ ನಡಿಗೆ ಅಳೆಯಬೇಕಿತ್ತು. ಇಪ್ಪತ್ತನಾಲ್ಕು ಆಗಿತ್ತು. "ಸೋಮವಾರ ಮೂವತ್ತೂ ತರದಿದ್ದರೆ ಒಂದು ವರ್ಷ ಹೋಯಿತೆಂದೇ ತಿಳಿ" ಎಂದು ಮಾರ್ಗದರ್ಶಕರು ಹೇಳಿಬಿಟ್ಟಿದ್ದರು. ನಾನೇನೂ ಎದೆಗುಂದಲಿಲ್ಲ. ಹೆಂಡತಿ ಶೈಲಾಳ ತವರು ರಾಮದುರ್ಗದ ಹತ್ತಿರದ ಸುರೇಬಾನ. ಅಲ್ಲಿ ಮೊಣಕಾಲು ನೋವಿಗೂ ಬರವಿಲ್ಲ, ಅಳಿಯನ ಊಟಕ್ಕೂ ಬರವಿಲ್ಲ! ಶನಿವಾರವೇ ಇಬ್ಬರೂ ಬಸ್ಸು ಹತ್ತಿದೆವು.

ನಡಿಗೆ ಅಳೆಯುವ ಕ್ಯಾಮೆರಾ ನಮ್ಮ ಕಾಲೇಜಿಗೆ ಇನ್ನೂ ಬಂದಿರಲಿಲ್ಲ. ಬಟ್ಟೆಗೆ ಹಾಕುವ ನೀಲಿಯನ್ನು ತಟ್ಟೆಯಲ್ಲಿ ಕಲಸುವುದು, ಅಂಗಾಲು ಅದ್ದಿಸುವುದು, ಬಿಳಿ ಕಾಗದದ ಮೇಲೆ ನಡೆಸುವುದು, ಹೆಜ್ಜೆಯಿಂದ ಹೆಜ್ಜೆಗೆ ಟೇಪು ಹಿಡಿಯುವುದು. ಇಷ್ಟೇ ವಿಜ್ಞಾನ. ಭಾನುವಾರ ಬೆಳಿಗ್ಗೆ ಮಾವನವರ ಪಡಸಾಲೆಯಲ್ಲಿ ಉದ್ದಕ್ಕೆ ಕಾಗದ ಹಾಸಿ, ಟೇಪನ್ನು ಕೊರಳಿಗೆ ಹಾಕಿಕೊಂಡು ನಿಂತೆ.

ಮೊದಲು ಬಂದವಳು ಪಕ್ಕದ ಮನೆಯ ಕಲ್ಲವ್ವ. ಗೋಡೆ ಹಿಡಿದು ಕುಂಟುತ್ತಾ ಬಂದಳು. ನನಗೆ ಖುಷಿಯೋ ಖುಷಿ! ಆದರೆ ಕಾಗದ ಕಂಡವಳೇ ನಿಂತುಬಿಟ್ಟಳು.

"ಹಾಳಿ ಮ್ಯಾಲ ಕಾಲ ಇಡೂದಾ? ಅದು ವಿದ್ಯಾ ಅಲ್ಲೇನ್ರಿ? ಅಳಿಯಾರ, ನೀವು ಮಾಸ್ತರ ಆಗಿ ಹಿಂಗ ಹೇಳತೀರಲ್ಲ!"

"ಖಾಲಿ ಹಾಳೆ ಕಲ್ಲವ್ವ, ಏನೂ ಬರೆದಿಲ್ಲ" ಎಂದು ಪುಸಲಾಯಿಸಿದೆ. ಒಲ್ಲದ ಮನಸ್ಸಿನಿಂದ ಹೆಜ್ಜೆ ಇಟ್ಟಳು. ಇಟ್ಟವಳು ಬಗ್ಗಿ ಕಾಗದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಇನ್ನೊಂದು ಹೆಜ್ಜೆ, ಇನ್ನೊಂದು ನಮಸ್ಕಾರ. ಹನ್ನೆರಡು ಹೆಜ್ಜೆಗೆ ಹನ್ನೆರಡು ನಮಸ್ಕಾರ! ಮೊಣಕಾಲು ನೋವಿನವಳಿಗೆ ನಾನು ಬೆನ್ನು ನೋವನ್ನೂ ದಯಪಾಲಿಸಿದ್ದೆ.

"ಹಾಳಿ ತಗೀರಿ. ಅರಿವಿ ಹಾಸರಿ" ಎಂದು ಶೈಲಾ ಟ್ರಂಕಿನಿಂದ ಒಂದು ಜೋಡಿ ಬಿಳಿ ಬಟ್ಟೆ ತಂದು ಕೊಟ್ಟಳು. ಹಾಸಿದೆ. ಸಮಸ್ಯೆ ಬಗೆಹರಿಯಿತು. ಕಲ್ಲವ್ವ ಮತ್ತೆ ನಡೆದಳು, ಓಣಿಯ ಇನ್ನೂ ನಾಲ್ವರು ನಡೆದರು. ನಡೆದರು ಅಂದರೆ ಎಂಥ ನಡಿಗೆ! ಪೊಲೀಸ್ ಪರೇಡು! ಬಟ್ಟೆಯ ತನಕ ಕುಂಟುತ್ತಾ ಬರುವುದು, ಬಟ್ಟೆಯ ಮೇಲೆ ಎದೆ ಸೆಟೆಸಿ ನಡೆಯುವುದು, ಬಟ್ಟೆ ಮುಗಿದ ಕೂಡಲೇ ಮತ್ತೆ ಗೋಡೆ ಹಿಡಿಯುವುದು.

"ಹೀಗೇಕೆ ಮಾಡುತ್ತೀರಿ? ಯಾವಾಗಿನಂತೆ ನಡೆಯಿರಿ!" ಎಂದು ಅಂಗಲಾಚಿದೆ.

"ಅಳಿಯಾರ ಮುಂದ ಕುಂಟಕೋತ ಅಡ್ಡಾಡಿದ್ರ ಮಂದಿ ಏನಂದಾರು?" ಎಂದಳು ಕಲ್ಲವ್ವ, ತಲೆಯ ಸೆರಗು ಸರಿಮಾಡಿಕೊಳ್ಳುತ್ತಾ.

ಸುರೇಬಾನದಲ್ಲಿ ಮೊಣಕಾಲು ನೋವೇ ಇಲ್ಲವೆಂದು ನಾನು ಅಧಿಕೃತವಾಗಿ ಸಾಬೀತು ಮಾಡಿದ್ದೆ. ಅಷ್ಟರಲ್ಲಿ ಹೊಲದಿಂದ ಬಂದ ಮಾವನವರು ಹೊಸ್ತಿಲಲ್ಲೇ ಕಲ್ಲಾದರು.

"ಇದು… ನನ್ನ ಧೋತ್ರ!"

ಮುನವಳ್ಳಿಯ ಮದುವೆಗೆಂದು ತೆಗೆದಿಟ್ಟಿದ್ದ ಹೊಸ ಜೋಡಿಯಂತೆ. ಶೈಲಾ ನನ್ನನ್ನು ನೋಡಿದಳು. ನಾನು ಶೈಲಾಳನ್ನು ನೋಡಿದೆ. ಮಾವನವರು ದೊಡ್ಡ ಮನುಷ್ಯರು. "ಇರಲಿ ಬಿಡ್ರಿ, ನೀಲಿ ಹಾಕಿದ್ರ ಅರಿವಿ ಬೆಳ್ಳಗ ಆಕ್ಕೈತಿ" ಎಂದಷ್ಟೇ ಹೇಳಿ ಒಳಗೆ ಹೋದರು.

ಆರನೆಯವಳು ಬೇಕಲ್ಲ? ಹುಡುಕುತ್ತಾ ಓಣಿಯೆಲ್ಲ ತಿರುಗಿದೆ. ಅಳಿಯ ಧೋತ್ರದ ಮೇಲೆ ಹೆಂಗಸರನ್ನು ನಡೆಸುತ್ತಾನೆಂಬ ಸುದ್ದಿ ನನಗಿಂತ ಮುಂದೆ ಹೋಗಿ ಬಾಗಿಲು ಹಾಕಿಸಿತ್ತು. ಕಾಲೆಳೆಯುತ್ತಾ ವಾಪಸು ಬಂದು ನೋಡಿದರೆ ಧೋತ್ರದ ಅಂಚಿನಲ್ಲಿ ಹೊಸದೊಂದು ಹೆಜ್ಜೆಸಾಲು! ನೀಲಿ ಇನ್ನೂ ಆರಿರಲಿಲ್ಲ.

ಮಂಡಿಯೂರಿ ಕೂತು ನೋಡಿದೆ. ಬಲಗಾಲು ಗೇಣುದ್ದ ಮಾತ್ರ ಮುಂದೆ ಬಂದಿತ್ತು. ಎಡಗಾಲು ಹೊರಗೆ ತಿರುಗಿತ್ತು, ಹಿಮ್ಮಡಿ ಎಳೆದ ಗೆರೆಯೂ ಇತ್ತು. ನಡುವೆ ಎರಡು ಕಡೆ ನಿಂತು ಸುಧಾರಿಸಿಕೊಂಡ ಗುರುತು. ಎರಡೂ ಮೊಣಕಾಲು ಸವೆದಿವೆ, ವರ್ಷಗಟ್ಟಲೆ ಸವೆದಿವೆ.

"ಶೈಲಾ! ಸಿಕ್ಕಳು! ಇಷ್ಟು ಚೆಂದದ ನೋವು ನಾನು ಕಂಡೇ ಇಲ್ಲ! ಯಾರದಿದು?"

ಶೈಲಾ ಮೆಲ್ಲಗೆ ಅಂದಳು: "ಅವ್ವಂದು. ನಿಮಗ ಒಂದು ಕಮ್ಮಿ ಬಿದ್ದೈತಿ ಅಂತ, ನೀವು ಹೊರಗ ಹೋದಾಗ ನಡದಳು."

ನನ್ನ ಕೈಯಲ್ಲಿದ್ದ ಟೇಪು ಕೈಯಲ್ಲೇ ಉಳಿಯಿತು. ಮದುವೆಯಾಗಿ ಆರು ವರ್ಷ. ಅತ್ತೆಯವರ ಸೆರಗು ಕಂಡಿದ್ದೆ, ರೊಟ್ಟಿ ಚಾಚುವ ಕೈ ಕಂಡಿದ್ದೆ. ಅವರು ನಡೆದದ್ದನ್ನು ಒಮ್ಮೆಯೂ ಕಂಡಿರಲಿಲ್ಲ. ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತೇ ಇರುತ್ತಿದ್ದರು, ಮಾತೆಲ್ಲ ಮಗಳ ಮೂಲಕ. ಅದು ನನಗೆ ಸಲ್ಲುವ ಮರ್ಯಾದೆ ಎಂದುಕೊಂಡು ಒಳಗೊಳಗೇ ಹಿಗ್ಗುತ್ತಿದ್ದೆ. ನನಗೆ ತುಂಬಾ ನಾಚಿಕೆಯಾಯಿತು.

ನಾಚಿಕೆ ಮುಚ್ಚಿಕೊಳ್ಳಲು ಮೇಷ್ಟ್ರ ದನಿ ತೆಗೆದೆ. "ಅವರಿಗೆ ಹೇಳು. ದಿನಾ ವ್ಯಾಯಾಮ ಹೇಳಿಕೊಡುತ್ತೇನೆ. ಮುಖ್ಯವಾಗಿ, ಹೊತ್ತುಗಟ್ಟಲೆ ನಿಲ್ಲಬಾರದು!"

"ಉಳಿದ ದಿನಾ ಕುಂತs ಕೆಲಸ ಮಾಡತಾಳರಿ" ಎಂದಳು ಶೈಲಾ. "ಅಳಿಯನ ಮುಂದ ಹೆಂಗ ಕುಂದ್ರೂದು ಅಂತಾಳ. ಹೊತ್ತುಗಟ್ಲೆ ನಿಂದ್ರೂದು ನೀವು ಬಂದಾಗ ಅಷ್ಟs."

ಹಬ್ಬಗಳನ್ನು ಲೆಕ್ಕ ಹಾಕಿದೆ. ನಾನು ಹೋಳಿಗೆ ತಿಂದ ಹೊತ್ತು, ಮಾವನವರಿಗೆ ಮೂಳೆ, ಕೀಲು ಎಂದು ಭಾಷಣ ಬಿಗಿದ ಹೊತ್ತು, ಮಧ್ಯಾಹ್ನ ಪಡಸಾಲೆಯಲ್ಲೇ ಗೊರಕೆ ಹೊಡೆದ ಹೊತ್ತು. ಅಷ್ಟೂ ಹೊತ್ತು ಆ ಎರಡು ಮೊಣಕಾಲು ಬಾಗಿಲ ಹಿಂದೆ ನಿಂತಿದ್ದವು. ಪರೇಡು ಮಾಡಿದ ಐದು ನಡಿಗೆಗೆ ಅಲ್ಲೇ ಗೀಟು ಹೊಡೆದೆ. ಇಪ್ಪತ್ತೈದೇ ಆಯಿತು. ವರ್ಷ ಹೋಯಿತು.

ಚೀಲ ಎತ್ತಿಕೊಂಡು "ನಾಲ್ಕರ ಬಸ್ಸಿಗೇ ಹೋಗುತ್ತೇನೆ" ಎಂದೆ.

"ಅವ್ವ ಚಾ ಇಟ್ಟಾಳರಿ."

"ನಿಂತುಕೊಂಡೇ ಇಟ್ಟಿರಬೇಕು. ಬೇಡ."

ಅಂಗಳಕ್ಕಿಳಿದು ಚಪ್ಪಲಿ ಮೆಟ್ಟುವಾಗ ಒಳಗಿನಿಂದ ಯಾರೋ ಮೆಲ್ಲಗೆ ನೆಲಕ್ಕೆ ಕೂತ ಸದ್ದು, ಜೊತೆಗೆ ಉದ್ದನೆಯ ಉಸಿರು: "ಶಿವನs…"

ಇಷ್ಟು ಬೇಗ ಗುಣ ಕಂಡ ರೋಗಿ ನನ್ನ ಕೈಯಲ್ಲಿ ಹಿಂದೆಯೂ ಇರಲಿಲ್ಲ, ಮುಂದೆಯೂ ಬರಲಿಲ್ಲ. ನಾನು ಮಾಡಿದ ಚಿಕಿತ್ಸೆ ಇಷ್ಟೇ: ಎದ್ದು ಹೊರಗೆ ಹೋಗಿದ್ದೆ!