ಗಿಳಿಗೆ ಎರಡು ಕೊಕ್ಕು, ಕಂಪ್ಯೂಟರಿಗೆ ಅಪ್‌ಡೇಟ್

ಜಮಖಂಡಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟ ಮೇಲೆ, ನಗಬೇಕು ಅಂತ ಬೇರೆ ಕಡೆ ಹೋಗುವ ಪ್ರಸಂಗ ನನಗೆ ಬಂದೇ ಇಲ್ಲ. ಕಂಪನಿಯವರು ಆಗಾಗ ಅಪ್‌ಡೇಟ್ ಅಂತ ಒಂದನ್ನು ಬಿಡುತ್ತಾರೆ. ಅದು ಮುಧೋಳ, ಬೀಳಗಿ, ಬನಹಟ್ಟಿ ಎಲ್ಲಾ ಕಡೆ ಒಟ್ಟಿಗೇ ಬಂದು ಇಳಿಯುತ್ತದೆ. ಅದರ ಹಿಂದೆಯೇ ನನ್ನ ಫೋನು ಬಡಿದುಕೊಳ್ಳಲು ಶುರುವಾಗುತ್ತದೆ. ನಾನು ಓದಿದ್ದು ಡಿಪ್ಲೊಮಾ, ಆದರೂ ಜನ ಇಂಜಿನಿಯರ್ರು ಅಂತಾರೆ. ಅಂದ ಮೇಲೆ ಕೇಳಿದ್ದಕ್ಕೆ ಉತ್ತರ ಕೊಡಬೇಕಲ್ಲ. ಎಲ್ಲರೂ ಕೇಳುವುದು ಒಂದೇ ಮಾತು: ಇದನ್ನು ಹಾಕಿದರೆ ಏನು ಛಲೋ ಆಗುತ್ತದೆ? ನನಗೆ ಸಿಕ್ಕ ಉತ್ತರಗಳು ಮಾತ್ರ ಕಂಪನಿಯವರಿಗೂ ಗೊತ್ತಿರಲಿಕ್ಕಿಲ್ಲ.

೧. ಕಾಯಿ ಒಡೆದದ್ದು

ಬನಹಟ್ಟಿಯಲ್ಲಿ ಪವರ್‌ಲೂಮ್ ಇಟ್ಟು ಸೀರೆ ನೇಯಿಸುವ ಸಾವಕಾರರೊಬ್ಬರು ನಮ್ಮ ಹಳೆಯ ಗಿರಾಕಿ. ಸೀರೆಯ ದಡಿ, ಸೆರಗುಗಳ ಚಿತ್ರವನ್ನು ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ತುಂಬುವುದು ಅವರ ಡಿಸೈನ್ ಮಾಸ್ತರರ ಕೆಲಸ. ಮೊದಲು ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಿಂದ ಮಾಡುತ್ತಿದ್ದವರು, ವಯಸ್ಸಾದ ಮೇಲೆ ಮೌಸ್ ಹಿಡಿಯಲು ಕಲಿತವರು. ಕೈ ಬಹಳ ಛಲೋ. ಆದರೆ ಆ ವರ್ಷ ಯಾಕೋ ಸೆರಗಿನ ಮೇಲೆ ಅವರು ತುಂಬುವ ಗಿಳಿಗಳು ಕೈಕೊಡತೊಡಗಿದವು. ಒಂದು ಸೆರಗಿನಲ್ಲಿ ಗಿಳಿಗೆ ಕಣ್ಣೇ ಇಲ್ಲ. ಇನ್ನೊಂದರಲ್ಲಿ ಗಿಳಿಗೆ ಎರಡು ಕೊಕ್ಕು. ಪೇಟೆಗೆ ಹೋದ ಸೀರೆಗಳು ಹೋದ ಹಾಗೆಯೇ ವಾಪಸು ಬಂದವು.

ಇನ್ನೊಂದು ಗಿಳಿ ಕೆಟ್ಟರೆ ಆ ಕುರ್ಚಿಯಲ್ಲಿ ಬೇರೆಯವರನ್ನು ಕೂರಿಸುತ್ತೇನೆ ಅಂತ ಸಾವಕಾರರು ಎಲ್ಲರೆದುರು ಹೇಳಿದರು. ಮಾಸ್ತರರು ಹೆದರಿ, ತಪ್ಪು ತಮ್ಮದಲ್ಲ, ಕಂಪ್ಯೂಟರಿಗೆ ಅಪ್‌ಡೇಟ್ ಹಾಕಿಲ್ಲ, ಅದಕ್ಕೇ ಹೀಗೆ ಅಂದುಬಿಟ್ಟರು. ಸಾವಕಾರರು ನನ್ನನ್ನು ಕರೆಸಿದರು.

"ಇಂಜಿನಿಯರ್ರ, ಅಪ್‌ಡೇಟ್ ಹಾಕಿದ್ರ ಗಿಣಿ ಛಲೋ ಆಗತಾವೇನ್ರಿ?"

ಅಪ್‌ಡೇಟಿಗೂ ಗಿಳಿಗೂ ಏನೂ ಸಂಬಂಧವಿಲ್ಲ ಅನ್ನಲು ಬಾಯಿ ತೆರೆದೆ. ಸಾವಕಾರರ ಬೆನ್ನ ಹಿಂದೆ ಮಾಸ್ತರರು ನನ್ನ ಕಡೆ ಕೈ ಮುಗಿದು ನಿಂತಿದ್ದರು. ನನ್ನ ಬಾಯಿ ಅಲ್ಲೇ ದಾರಿ ಬದಲಿಸಿ "ನೋಡೂಣ್ರಿ" ಅಂದಿತು. ಮಾಸ್ತರರು ಪರದೆಗೆ ಮೂಗು ಹಚ್ಚಿ ಕೂರುವುದನ್ನು ನಾನು ನೋಡಿದ್ದೆ. ಕಣ್ಣು ತೋರಿಸಿಕೊಳ್ಳಿ ಅಂತ ಹೇಳಿಯೂ ಇದ್ದೆ. ದಪ್ಪ ಕನ್ನಡಕ ಹಾಕಿದರೆ ಮಾಸ್ತರನ ಕಣ್ಣು ಹೋದವು ಅಂತ ಸಾವಕಾರರಿಗೆ ಗೊತ್ತಾಗುತ್ತದೆ, ಕುರ್ಚಿ ಹೋಗುತ್ತದೆ ಅನ್ನುವುದು ಅವರ ಅಂಜಿಕೆ. ಪಾಪ ಅನಿಸಿತ್ತು.

ಅಮಾವಾಸ್ಯೆಗೆ ಅಲ್ಲಿ ಮಗ್ಗ ನಿಲ್ಲುತ್ತವೆ. ಅವತ್ತೇ ಅಪ್‌ಡೇಟ್ ಹಚ್ಚಿದೆ. ಅದು ಸ್ವಲ್ಪ ಓಡಿ ಒಂದು ಕಡೆ ನಿಂತಿತು, ಜಪ್ಪಯ್ಯ ಅಂದರೂ ಮುಂದೆ ಹೋಗಲೊಲ್ಲದು. ಸಾವಕಾರರು ಮಗ್ಗಗಳ ಪೂಜೆ ಮುಗಿಸಿ, ಆರತಿ ತಟ್ಟೆ ಹಿಡಿದು ಒಳಗೆ ಬಂದು, ಕಂಪ್ಯೂಟರಿಗೂ ಅರಿಷಿಣ ಕುಂಕುಮ ಹಚ್ಚಿ ಕಾಯಿ ಒಡೆದರು. ನೀರು ಒಳಗೆ ಹೋಗದಂತೆ ನಾನು ಟವೆಲ್ ಅಡ್ಡ ಹಿಡಿದೆ. ಆಗಲೇ ಪರದೆಯ ಮೇಲಿನ ಅಂಕಿ ಜರುಗಿತು.

ಸಾವಕಾರರು ತಟ್ಟೆ ಕೆಳಗಿಟ್ಟು ಹೇಳಿದರು: "ಇಷ್ಟ ಇತ್ತ ನೋಡ್ರಿ. ನಿಮ್ಮನ್ನ ಸುಮ್ಮನ ಕರಸಿದ್ವಿ."

೨. ಚಹಾದವನ ಲಾಭ

ಅಲ್ಲಿ ಅಪ್‌ಡೇಟ್ ಇನ್ನೂ ಮುಗಿದಿರಲಿಲ್ಲ, ಬೀಳಗಿ ಕಡೆಯಿಂದ ಫೋನು ಬಂತು. ತಾನೇ ಮುಗಿಸಿಕೊಳ್ಳುತ್ತದೆ, ಯಾರೂ ಕೈ ಹಚ್ಚಬೇಡಿ ಅಂತ ಮಾಸ್ತರರಿಗೆ ಹೇಳಿ ಬೈಕ್ ಹತ್ತಿದೆ.

ಅದು ಕಬ್ಬು ತೂಗುವ ಕಾಟಾ. ಹೋಗಿ ನೋಡಿದರೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು ರಸ್ತೆಯ ತಿರುವಿನ ತನಕ ಸಾಲುಗಟ್ಟಿವೆ. ಒಳಗೆ ಕಂಪ್ಯೂಟರು ಯಾರ ಅಪ್ಪಣೆಯನ್ನೂ ಕೇಳದೆ ಅಪ್‌ಡೇಟ್ ಮಾಡಿಕೊಳ್ಳುತ್ತಾ ಕೂತಿದೆ. ಕಾಟಾದ ಗುಮಾಸ್ತ ತಲೆಯ ಮೇಲೆ ಕೈ ಹೊತ್ತಿದ್ದ. ಡ್ರೈವರುಗಳು ಕಿಟಕಿಗೆ ಜೋತುಬಿದ್ದು ಪರದೆ ನೋಡುತ್ತಿದ್ದರು. ಅಂಕಿ ಬದಲಾದಾಗ ಮುಂದಿದ್ದವನು ಹಿಂದಿನವರಿಗೆ ಕೂಗಿ ಹೇಳುತ್ತಿದ್ದ, ಅವರು ತಮ್ಮ ಹಿಂದಿನವರಿಗೆ. ಕ್ರಿಕೆಟ್ ಸ್ಕೋರಿಗೂ ಇಷ್ಟು ಆಸ್ಥೆ ನಾನು ಕಂಡಿಲ್ಲ.

ಒಬ್ಬ ಡ್ರೈವರು, ಇದು ಮುಗಿದ ಮೇಲೆ ಕಬ್ಬಿನ ತೂಕ ಹೆಚ್ಚು ಬರುತ್ತದೇನ್ರಿ ಅಂತ ಕೇಳಿದ. ಇಲ್ಲ ಅಂದೆ. ಬಿಸಿಲಿಗೆ ನಿಂತ ಕಬ್ಬು ಒಣಗಿ ಇನ್ನೂ ಕಡಿಮೆಯೇ ಬಂದೀತು ಅಂತ ಅವನೇ ಲೆಕ್ಕ ಹಾಕಿ, ಹಾಗಾದರೆ ಯಾರಿಗಾಗಿ ಇದು ಅಂದ. ಅಪ್‌ಡೇಟ್ ಮುಗಿಯುವ ತನಕ ಕಾಯುವುದಷ್ಟೇ ನನಗೂ ಇದ್ದ ಕೆಲಸ. ಇಂಜಿನಿಯರು ಬಂದಿದ್ದಾನೆ ಅಂತ ಅವರಿಗೆ ಒಂದು ಸಮಾಧಾನ, ಅಷ್ಟೇ.

ಕೊನೆಗೆ ಅದು ಮುಗಿದು ಕಾಟಾ ಶುರುವಾಯಿತು. ಎಲ್ಲರೂ ಶಾಪ ಹಾಕುತ್ತಲೇ ಟ್ರ್ಯಾಕ್ಟರ್ ಹತ್ತಿದರು. ಎದುರಿನ ಚಹಾದಂಗಡಿಯವನೊಬ್ಬ ಮಾತ್ರ ನನ್ನ ಹತ್ತಿರ ಬಂದು, ಪಕ್ಕಕ್ಕೆ ಕರೆದು ಮೆಲ್ಲಗೆ ವಿಚಾರಿಸಿದ.

"ಮುಂದಿನ ಅಪ್‌ಡೇಟ್ ಯಾವಾಗ್ರಿ, ಸರ? ಮೊದಲ ಹೇಳಿದ್ರ ಹಾಲ ಜಾಸ್ತಿ ತರಸಿ ಇಡತೇನಿ."

೩. ಕಿವಿಯ ಫೋಟೋ

ಮುಧೋಳದ ನಿವೃತ್ತ ಬಾಯಾರು ನನಗೆ ಸಾಲಿಯಲ್ಲಿ ಗಣಿತ ಕಲಿಸಿದವರು. ಅವರ ಮೊಬೈಲಿನಲ್ಲಿ ಅಪ್‌ಡೇಟ್ ಆಗಿ ಚಿತ್ರಗಳೆಲ್ಲ ಜಾಗ ಬದಲಿಸಿದ್ದವು. ಬಾಯಾರು ಹೆಸರು ಓದಿ ಒತ್ತುವವರಲ್ಲ, ಜಾಗ ನೋಡಿ ಒತ್ತುವವರು. ಫೋನ್ ಹಚ್ಚುವ ಗುಂಡಿ ಇದ್ದಲ್ಲಿ ಈಗ ಕ್ಯಾಮೆರಾ ಬಂದು ಕೂತಿತ್ತು. ತೇರದಾಳದ ತಂಗಿಗೆ ಫೋನು ಹಚ್ಚುತ್ತೇನೆ ಅಂತ ಅದನ್ನು ಒತ್ತಿ, ಕಿವಿಗೆ ಹಿಡಿದು, ದನಿ ಕೇಳಿಸುತ್ತಿಲ್ಲ ಅಂತ ದನಿ ಏರಿಸುವ ಬದಿಯ ಗುಂಡಿಯನ್ನೂ ಒತ್ತುತ್ತಿದ್ದರು. ಅದು ಒತ್ತಿದಷ್ಟು ಸಲ ಫೋಟೋ ತೆಗೆಯುತ್ತಿತ್ತು.

ನಾನು ಹೋಗಿ ಫೋನ್ ತೆರೆದರೆ ಒಳಗೆಲ್ಲ ಬಾಯಾರ ಕಿವಿ. ಬೆಳಗಿನ ಕಿವಿ, ಸಂಜೆಯ ಕಿವಿ, ಸೆರಗು ಹೊದ್ದ ಕಿವಿ. ತಂಗಿ ಮಾತು ಬಿಟ್ಟಳು ಅಂತ ಬಾಯಾರು ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಗುಂಡಿಗಳನ್ನು ಹಳೆಯ ಜಾಗಕ್ಕೆ ತಂದು, ತಂಗಿಗೆ ಫೋನ್ ಹಚ್ಚಿ ಕೊಟ್ಟೆ. ಮಾತಾಡಿ ಕಣ್ಣೊರೆಸಿಕೊಂಡರು. ಈ ಫೋಟೋ ಅಳಿಸಲೇ ಅಂದೆ. ತಡಿ ಅಂತ ಫೋನ್ ಇಸಿದುಕೊಂಡು ಒಂದು ಕಿವಿಯನ್ನು ಬಹಳ ಹೊತ್ತು ನೋಡಿದರು.

"ಅಯ್ಯ, ಬೆಂಡೋಲಿ ಹರಳ ಬಿದ್ದೈತಲ್ಲೋ. ಈ ಅಪ್‌ಡೇಟ್ ಬರಲಿಲ್ಲಂದ್ರ ನನಗ ಗೊತ್ತಽ ಆಗತಿದ್ದಿಲ್ಲ ನೋಡು."

೪. ದಪ್ಪ ಗಿಳಿ

ಬನಹಟ್ಟಿಗೆ ಮತ್ತೆ ಹೋಗಿದ್ದು ಪ್ರಿಂಟರ್ ಕೆಟ್ಟಿದೆ ಅಂತ. ಸಾವಕಾರರು ಬಾಗಿಲಲ್ಲೇ ನನ್ನ ಕೈ ಹಿಡಿದುಕೊಂಡರು. ಗಿಳಿಗಳು ಸರಿಯಾಗಿವೆ, ಕಣ್ಣು ಕಣ್ಣಿನ ಜಾಗದಲ್ಲಿದೆ, ಕೊಕ್ಕು ಒಂದೇ ಇದೆ, ಅಪ್‌ಡೇಟ್ ಅಂದರೆ ಸುಮ್ಮನೆ ಅಲ್ಲ ಅಂತ ಹೊಗಳಿದರು. ನನಗೆ ನಂಬಿಕೆಯೇ ಬರಲಿಲ್ಲ.

ಒಳಗೆ ಹೋಗಿ ಪರದೆ ನೋಡಿದರೆ ಬೇರೆಯೇ ತೊಂದರೆ ಕಂಡಿತು. ಅವತ್ತು ಅಪ್‌ಡೇಟ್ ಆಗುವಾಗ ಪರದೆಯನ್ನು ನಡೆಸುವ ಸಾಫ್ಟ್‌ವೇರ್ ಬಿದ್ದುಹೋಗಿತ್ತು. ಅಕ್ಷರ, ಚೌಕ, ಗಿಳಿ ಎಲ್ಲವೂ ಉಬ್ಬಿ ಕೂತಿದ್ದವು. ಒಂದೊಂದು ಚೌಕ ಕ್ಯಾರಮ್ ಕಾಯಿಯಷ್ಟಿತ್ತು. ನಮ್ಮ ಕೆಲಸದವರಿಗೆ ಇಂಥದ್ದನ್ನು ಕಂಡರೆ ಕೈ ತಡೆಯುವುದಿಲ್ಲ. ಪ್ರಿಂಟರ್ ಬದಿಗಿಟ್ಟು ಆ ಸಾಫ್ಟ್‌ವೇರ್ ಮತ್ತೆ ಹಾಕಿದೆ. ಎಲ್ಲವೂ ಮೊದಲಿನ ಹಾಗೆ ಸಣ್ಣಗೆ, ಚೊಕ್ಕಟವಾಗಿ ಆಯಿತು. ನೋಡಿ, ಈಗ ಸರಿಯಾಯಿತು ಅಂದೆ. ಸಾವಕಾರರು ತಲೆಯಾಡಿಸಿದರು. ಮಾಸ್ತರರು ಮತ್ತೆ ಪರದೆಗೆ ಮೂಗು ಹಚ್ಚಿದರು.

ಪ್ರಿಂಟರ್ ಮುಗಿಸಿ ಬೈಕಿಗೆ ಕೀಲಿ ಹಾಕುತ್ತಿದ್ದೆ. ಮಾಸ್ತರರು ಬರಿಗಾಲಲ್ಲಿ ಓಡಿ ಬಂದರು.

"ಸರ, ಆ ಅಪ್‌ಡೇಟ್ ತಿರುಗಿ ಹಾಕ್ರಿ. ಈಗ ಮತ್ತ ಗಿಣಿ ಕಾಣವಲ್ಲವು."

ನನಗೆ ಆಗ ಹೊಳೆಯಿತು, ಬಹಳ ಕೆಟ್ಟನಿಸಿತು. ಕಂಪನಿಯವರು ಇಷ್ಟು ವರ್ಷ ಕಳಿಸಿದ ಸುಧಾರಣೆಗಳಲ್ಲಿ ಈ ಮನುಷ್ಯನಿಗೆ ದಕ್ಕಿದ್ದು ಒಂದೇ, ಅದನ್ನು ನಾನು ರಿಪೇರಿ ಮಾಡಿ ಹಾಕಿದ್ದೆ. ಅವರ ಹಿಂದೆಯೇ ಒಳಗೆ ಹೋದೆ. ಒಂದು ಅಪ್‌ಡೇಟ್ ಉಳಿದುಬಿಟ್ಟಿತ್ತು ಅಂತ ಸಾವಕಾರರಿಗೆ ಹೇಳಿ, ಎಲ್ಲವನ್ನೂ ಮತ್ತೆ ದಪ್ಪ ಮಾಡಿದೆ. ಮಾಸ್ತರರು ಕುರ್ಚಿಗೆ ಬೆನ್ನು ಕೊಟ್ಟು ಆರಾಮಾಗಿ ಕೂತು ಗಿಳಿಯ ಕಣ್ಣು ತುಂಬತೊಡಗಿದರು. ಸಾವಕಾರರು ಅವರ ಬೆನ್ನ ಹಿಂದೆ ನಿಂತು ಪರದೆಯನ್ನೇ ನೋಡುತ್ತಿದ್ದರು. ಗುಟ್ಟು ತಿಳಿದುಹೋಯಿತು, ಮಾಸ್ತರರ ಕುರ್ಚಿ ಹೋಯಿತು ಅಂದುಕೊಂಡೆ.

ಸಾವಕಾರರು ಸನ್ನೆ ಮಾಡಿ ನನ್ನನ್ನು ತಮ್ಮ ಕೋಣೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದರು. ಆಮೇಲೆ ಕಿಸೆಯಿಂದ ತಮ್ಮ ಮೊಬೈಲ್ ತೆಗೆದು ನನ್ನ ಕೈಗಿಟ್ಟರು.

"ಆ ದಪ್ಪ ಅಕ್ಷರದ ಅಪ್‌ಡೇಟ್ ಇದಕ್ಕೂ ಒಂದ ಹಾಕ್ರಿ. ಮಾಸ್ತರಗ ಮಾತ್ರ ಹೇಳಬ್ಯಾಡ್ರಿ. ಸಾವಕಾರಗ ಕಣ್ಣ ಕಾಣೂದಿಲ್ಲಂತ ಗೊತ್ತಾದ್ರ, ಅಂವಾ ಗಿಣಿಗೆ ಮೂರ ಕೊಕ್ಕ ಕೂಡಸ್ತಾನ."