ನಡುಗೋಡೆಯ ವರದಿ

ನಮ್ಮ ಕಡೆ ಎತ್ತು ಕೊಳ್ಳುವವನು ಅದರ ಬಾಯಿ ತೆರೆಸಿ ಹಲ್ಲು ನೋಡುತ್ತಾನೆ, ಬೆನ್ನು ಸವರಿ ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡುತ್ತಾನೆ. ಗಡಿಗೆ ಕೊಳ್ಳುವ ಹೆಂಗಸು ಬೆರಳಿನಿಂದ ಬಡಿದು ನೋಡದೆ ದುಡ್ಡು ಬಿಚ್ಚುವುದಿಲ್ಲ. ಆದರೆ ಮನೆ ಕೊಳ್ಳುವವನು? ಪಡಸಾಲೆಯಲ್ಲಿ ಕುಳಿತು ಒಂದು ಕಪ್ ಚಹ ಕುಡಿದು, ಒಮ್ಮೆ ತಲೆ ಎತ್ತಿ ಜಂತಿ ನೋಡಿ, "ಛಲೋ ಐತ್ರಿ" ಎಂದು ಎದ್ದು ಬರುತ್ತಾನೆ. ಆಮೇಲೆ ಮೊದಲ ಮಳೆಗೆ ಹಾಸಿಗೆ ಸುತ್ತಿಕೊಂಡು ಈ ಮೂಲೆಯಿಂದ ಆ ಮೂಲೆಗೆ ಓಡಾಡುತ್ತಾನೆ. ಕುಂದಗೋಳದ ಮಟ್ಟಿಗಾದರೂ ಈ ಅನ್ಯಾಯವನ್ನು ತಡೆಯಬೇಕೆಂದು ಕನ್ನಡ ಸಾಲೆಯ ಮಾಸ್ತರನಾದ ಈ ಲಕ್ಷ್ಮಣಪ್ಪ ಟೊಂಕ ಕಟ್ಟಿದ. ಕಟ್ಟಬಾರದಿತ್ತು.

ಅದು ಎಂಬತ್ತನಾಲ್ಕನೇ ಇಸವಿಯ ಬೇಸಿಗೆ. ಮದುವೆಯಾದಾಗಿನಿಂದ ಬಾಡಿಗೆ ಮನೆಗಳಲ್ಲೇ ಒಲೆ ಹೂಡಿದವಳು ನನ್ನ ಹೆಂಡತಿ ದೇವಕ್ಕ. ಗೋಡೆಗೆ ಮೊಳೆ ಹೊಡೆಯಲು ಯಾವ ಮಾಲೀಕನೂ ಬಿಡಲಿಲ್ಲವೆಂದು ದೇವರ ಫೋಟೋವನ್ನು ಕಿಟಕಿಯಲ್ಲಿಟ್ಟು ಪೂಜೆ ಮಾಡಿದವಳು. (ಗಾಳಿ ಬಿಟ್ಟಾಗಲೆಲ್ಲ ದೇವರು ಅಂಗಾತ ಮಲಗುತ್ತಿದ್ದ.) ಅವಳೇ ಊರೆಲ್ಲ ಸುತ್ತಿ ಮರಿಯಮಬಿ ಚಾಚಿಯ ಮನೆಯನ್ನು ಪತ್ತೆ ಮಾಡಿದಳು. ಚಾಚಿಯ ಗಂಡ ಮೆಣಸಿನಕಾಯಿ ವ್ಯಾಪಾರಿ. ದೊಡ್ಡ ಮನೆಯಲ್ಲಿ ಅರ್ಧ ಸಂಸಾರಕ್ಕೆ, ಇನ್ನರ್ಧ ಮೆಣಸಿನಕಾಯಿ ಚೀಲಗಳಿಗೆ. ಅವರು ತೀರಿಕೊಂಡ ಮೇಲೆ ಚೀಲದ ಅರ್ಧ ಖಾಲಿ ಬಿದ್ದಿತ್ತು. ಅದನ್ನು ಮಾರಿ, ತಾನು ಉಳಿದರ್ಧದಲ್ಲಿ ಇರುವುದೆಂದು ಚಾಚಿ ನಿರ್ಧರಿಸಿದ್ದರು.

"ಇದ ನಮ್ಮ ಮನಿ" ಎಂದಳು ದೇವಕ್ಕ.

ಪರದೇಶದಲ್ಲಿ ಮನೆಯ ತಪಾಸಣೆ ಮಾಡಿಸಿ, ಅದರ ಗುಣದೋಷಗಳ ವರದಿಯನ್ನು ಮಾರುವವರೂ ಕೊಳ್ಳುವವರೂ ಎದುರೆದುರು ಕುಳಿತು ಓದುತ್ತಾರೆಂದು ನಾನು ಪೇಪರಿನಲ್ಲಿ ಓದಿದ್ದೆ. "ವರದಿ ಇಲ್ಲದ ಮನಿ ಇಲ್ಲ" ಎಂದೆ.

"ನನ್ನ ಲಗ್ನಾಗೂಮುಂದ ಯಾವ ವರದಿ ನೋಡಿದ್ರಿ?"

"ನೋಡದ್ದಕ್ಕ ಅಲ್ಲೇನ..." ಎಂದು ಶುರು ಮಾಡಿದವನು ಉಳಿದದ್ದನ್ನು ನುಂಗಿದೆ. (ಊಟದ ಹೊತ್ತಾಗಿತ್ತು.)

ನಿವೃತ್ತ ಓವರ್ಸಿಯರ್ ಬಸವಣ್ಣೆಪ್ಪನವರನ್ನು ಕರೆದುಕೊಂಡು ಹೋದೆ. ಅವರು ತೂಕದ ಗುಂಡು ಕಟ್ಟಿದ ದಾರ ಇಳಿಬಿಟ್ಟು ಗೋಡೆಗಳನ್ನು ನೋಡಿದರು, ಬಡಿಗೆಯಿಂದ ತೊಲೆಗಳನ್ನು ಬಡಿದರು, ಮಾಳಿಗೆ ಏರಿ ಮಣ್ಣು ಕೆದರಿದರು. ಅಡುಗೆಮನೆಯ ಮೂಲೆ ಸೋರುತ್ತದೆ. ಎರೆಮಣ್ಣು ಬಿರಿದು ಹಿತ್ತಲ ಗೋಡೆ ಸೀಳಿದೆ. ಇಷ್ಟಕ್ಕೇ ನನಗೆ ಬಂಗಾರ ಸಿಕ್ಕಷ್ಟು ಸಂತೋಷ. ಒಂದೊಂದು ಸೀಳಿಗೂ ಬೆಲೆ ಇಳಿಯುತ್ತದಲ್ಲ! ಕಡೆಗೆ ಅವರು ಎರಡೂ ಮನೆಗಳ ನಡುಗೋಡೆಗೆ ಬಂದು, ಬೆರಳಿನಿಂದ ಬಡಿದು ಕಿವಿಗೊಟ್ಟರು.

"ಮಾಸ್ತರ, ಇದು ಗೋಡಿ ಅಲ್ರಿ, ಪರದಾ. ಆ ಕಡೆ ಹೋಗಿ ನಿಂದರ್ರಿ, ನಾ ಇಲ್ಲಿ ಕೆಮ್ಮತೀನಿ."

ಅವರು ಕೆಮ್ಮಿದ್ದು ನನ್ನ ಹೆಗಲ ಮೇಲೆ ಕುಳಿತು ಕೆಮ್ಮಿದಂತೆ ಕೇಳಿತು. "ಇದನ್ನ ದಪ್ಪ ಅಕ್ಷರದಾಗ ಬರೀರಿ" ಎಂದೆ.

ಕಾರ್ಬನ್ ಹಾಕಿ ಎರಡು ಪ್ರತಿ ಮಾಡಿಸಿ, ಒಂದನ್ನು ನ್ಯಾಯವಾಗಿ ಚಾಚಿಯ ಕೈಗಿಟ್ಟು, ಇನ್ನೊಂದನ್ನು ನಾನೇ ಪಾಠ ಓದುವ ಧಾಟಿಯಲ್ಲಿ ಓದಿ ಹೇಳಿದೆ. ಸೋರಿಕೆಗೆ ಚಾಚಿ ತಲೆಯಾಡಿಸಿದರು. ಸೀಳಿಗೆ "ಹೌದ್ರಿ" ಎಂದರು. ನಡುಗೋಡೆ ಬಂದಾಗ ಮಾತ್ರ ಹುಬ್ಬೇರಿಸಿದರು.

"ಆ ಕಡೆ ಮಾತಾಡಿದ್ರ ಈ ಕಡೆ ಕೇಳತೈತೇನ್ರಿ?"

"ಮಾತ ಅಷ್ಟ ಅಲ್ರಿ ಚಾಚಿ, ಉಸರು ಬಿಟ್ರೂ ಕೇಳತೈತಿ!"

"ಮೆಣಸಿನಕಾಯಿ ಚೀಲ ಮಾತಾಡತಿರಲಿಲ್ಲ ನೋಡ್ರಿ, ನನಗ ಗೊತ್ತ ಆಗಲಿಲ್ಲ." ಚಾಚಿ ವರದಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. "ಮನೀದು ವರದಿ ಆತು. ಇನ್ನ ಬಾಜೂಕ ಬರೋ ಮಂದೀದು ವರದಿ ನನಗ ಬ್ಯಾಡೇನ್ರಿ?"

ಮರುದಿನ ಬೆಳಕು ಹರಿಯುವಾಗ ಚಾಚಿ ನಮ್ಮ ಬಾಡಿಗೆ ಮನೆಯ ಒಲೆಯ ಮುಂದೆ ಹಾಜರು. ಅದು ನಾನು ಹಾಡುವ ಹೊತ್ತು. ದೊಡ್ಡ ಗವಾಯಿಗಳ ಊರಾದ ಕುಂದಗೋಳದಲ್ಲಿ ಹುಟ್ಟಿದವನು ಒಂದು ರಾಗವನ್ನಾದರೂ ಒಲಿಸಿಕೊಳ್ಳಬೇಕು. ನಾನು ಬಹಳ ವರ್ಷಗಳಿಂದ ಭೈರವದ ಬೆನ್ನು ಬಿದ್ದಿದ್ದೆ. (ಅದು ಓಡುತ್ತಲೇ ಇತ್ತು.) ನಾನು ಕಣ್ಣು ಮುಚ್ಚಿ ಹಾಡಿ, ಕಣ್ಣು ತೆರೆಯುವಷ್ಟರಲ್ಲಿ ಚಾಚಿ ಹೊರಟಿದ್ದರು. ಓಣಿಯ ತಿರುವಿನವರೆಗೆ ಅವರನ್ನು ಕಳಿಸಿ ಬಂದ ದೇವಕ್ಕನ ಮುಖ ಗಂಭೀರವಾಗಿತ್ತು.

"ಚಾಚಿ ಮನಿ ಕೊಡತಾರಂತ. ರೊಕ್ಕಾನೂ ಕಡಿಮಿ ಮಾಡತಾರಂತ. ಆದ್ರ..."

"ಆದ್ರ ಏನ?"

"ನೀವು ಹಾಡಬಾರದು."

ನನಗೆ ಕೋಪ ಬಂತು, ಅಳುವೂ ಬಂತು. ಹಾಡು ಬಿಟ್ಟರೆ ಯಾರೂ ಸಾಯುವುದಿಲ್ಲ, ನಿಜ. ಆದರೆ ದಿನವೆಲ್ಲ ಮಗ್ಗಿ ಒದರುವವನಿಗೆ ಆ ಬೆಳಗಿನ ಹೊತ್ತೊಂದೇ ಸ್ವಂತದ್ದು. ಗೋಡೆ ತೆಳ್ಳಗಿದೆಯೆಂದು ಬರೆಸಿ, ಓದಿ, ಉಸಿರೂ ಕೇಳುತ್ತದೆಂದು ಸಾಕ್ಷಿ ಹೇಳಿದವನು ನಾನೇ. ಯಾರ ಮೇಲೆ ಸಿಟ್ಟಾಗಲಿ? ದೇವಕ್ಕ ಏನೂ ಒತ್ತಾಯ ಮಾಡಲಿಲ್ಲ. ಕಿಟಕಿಯಲ್ಲಿ ಮಲಗಿದ್ದ ದೇವರನ್ನು ಎಬ್ಬಿಸಿ ಕೂರಿಸಿ, ಸೆರಗಿನಿಂದ ಒರೆಸುತ್ತಾ ನಿಂತಳು. ಅವಳ ಕೈ ನೋಡಿ ನನಗೆ ತಡೆಯಲಾಗಲಿಲ್ಲ.

"ಆತು" ಎಂದೆ.

ಹೊಸ ಮನೆಯಲ್ಲಿ ದೇವಕ್ಕ ಮಾಡಿದ ಮೊದಲ ಕೆಲಸ ಮೊಳೆ ಹೊಡೆದದ್ದು. ಇಷ್ಟು ವರ್ಷದ ಆಸೆಯನ್ನೆಲ್ಲ ಸುತ್ತಿಗೆಗೆ ಹಾಕಿ ಹೊಡೆದಳು. ಮೊಳೆಯ ತುದಿ ಚಾಚಿಯ ಮನೆಯಲ್ಲಿ ಹೊರಬಂತು. ಚಾಚಿ ಬೇಸರಪಡದೆ ಅದಕ್ಕೆ ಚಹ ಸೋಸುವ ಜರಡಿಯನ್ನು ತೂಗುಹಾಕಿದರು.

ನಾನು ಮಾತು ಉಳಿಸಿಕೊಂಡೆ. ಮಳೆಗಾಲ ಕಳೆಯಿತು. ಒಂದು ಬೆಳಿಗ್ಗೆ ಗಡ್ಡಕ್ಕೆ ಸಾಬೂನು ಹಚ್ಚಿಕೊಂಡು ಕುಳಿತಾಗ, ನನಗೇ ತಿಳಿಯದೆ ಗಂಟಲಿನಿಂದ ಒಂದೆಳೆ ಹೊರಬಿತ್ತು. ಗಾಬರಿಯಾಗಿ ನಾಲಿಗೆ ಕಚ್ಚಿಕೊಂಡೆ.

"ಯಾಕ ನಿಂದರಿಸಿದ್ರಿ ಮಾಸ್ತರ?" ಎಂದಿತು ಗೋಡೆ.

"ತಪ್ಪಾತ್ರಿ ಚಾಚಿ! ಹಾಡೂದಿಲ್ಲಂತ ನಿಮಗ ಮಾತು ಕೊಟ್ಟಿದ್ದೆ..."

"ಯಾವ ಮಾತ್ರಿ? ನಮ್ಮ ಮನಿಯವರು ದಿನಾ ಮುಂಜಾನಿ ಎದ್ದು ಹಮಾಲರ ಮ್ಯಾಲೆ ಒದರತಿದ್ರು. ಅವರು ಹೋದಮ್ಯಾಲೆ ಮನಿ ಬಿಕೋ ಅಂತಿತ್ತು. ಅವತ್ತ ನೀವು ಹಾಡಿದ್ರಲ್ಲ, ಅಗದಿ ಅವರ ಧ್ವನಿನರಿ! ಕಣ್ಣಾಗ ನೀರು ಬಂದು ಎದ್ದು ಹ್ವಾದೆ. ಅದಕ್ಕ ರೊಕ್ಕ ಕಡಿಮಿ ಮಾಡಿ ನಿಮಗ ಕೊಟ್ಟೆ. ಬಂದಾಗಿಂದ ಒಂದಿನಾನೂ ಹಾಡವಲ್ರಿ."

ನಾನು ಮೆಲ್ಲಗೆ ಅಡುಗೆಮನೆಯ ಕಡೆ ತಿರುಗಿದೆ. ರೊಟ್ಟಿ ಬಡಿಯುವ ಸದ್ದು ನಿಂತಿತ್ತು.

"ಹಂಗಾದ್ರ ಹಾಡಬಾರದಂತ ಅಂದಾಕಿ ಯಾರ?"

ದೇವಕ್ಕ ತಿರುಗಿ ನೋಡದೆ ಹೇಳಿದಳು: "ಮನೀದು ವರದಿ ನೀವು ತರಿಸಿದ್ರಿ. ಮಂದೀದು ವರದಿ ಚಾಚಿ ತಗೊಂಡ್ರು. ಇಷ್ಟ ವರ್ಷ ನಡುವ ಗೋಡಿನೂ ಇಲ್ಲದ ನಿಮ್ಮ ಬಾಜೂಕ ಕುಂತು ಆ ಹಾಡು ಕೇಳಿದಾಕೀದು ವರದಿ ಯಾರರ ಕೇಳಿದ್ರೇನು?"

ರೊಟ್ಟಿಯ ಸದ್ದು ಮತ್ತೆ ಶುರುವಾಯಿತು. ಆಚೆ ಕಡೆ ಚಾಚಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕದ್ದೂ ಕೇಳಿಸಿತು. ನಾನು ಉಳಿದ ಗಡ್ಡವನ್ನು ಸದ್ದಿಲ್ಲದೆ ಬೋಳಿಸಿಕೊಂಡೆ.