ಹೊಂಗೆಮರದವರೆಗಿನ ವಾಯುಸೇವನೆ

ದೇಹವನ್ನು ದಂಡಿಸಬೇಕೆಂಬ ಹಿರಿಯರ ಮಾತನ್ನು ನಾನೆಂದೂ ಅಲ್ಲಗಳೆದವನಲ್ಲ. ಆ ದೇಹ ಬೇರೆಯವರದಾಗಿರಬೇಕು, ಅಷ್ಟೆ. ಮಧುಗಿರಿಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿ ಹದಿನೈದು ವರ್ಷ ಕೂತು ಸಂಪಾದಿಸಿದ ಹೊಟ್ಟೆ ನನ್ನದು. ಅಮಲ್ದಾರರು ಕರೆದರೆ ನನಗಿಂತ ಮೊದಲು ಅದೇ ಹೋಗಿ ಹಾಜರಾಗುತ್ತಿತ್ತು. ಕಚೇರಿಯ ಎಂಟು ಮೆಟ್ಟಿಲಿಗೇ ಏದುಸಿರು ಬರತೊಡಗಿದಾಗ ಹೆಂಡತಿ ಶಾರದೆ ಹಟ ಹಿಡಿದು ಡಾಕ್ಟರ ಬಳಿ ಕರೆದೊಯ್ದಳು. ಅವರು ಎದೆಗೆ ಕೊಳವೆಯಿಟ್ಟು ಕೇಳಿ, ಔಷಧ ಬೇಡ, ದಿನಾ ಬೆಳಿಗ್ಗೆ ಬೆಟ್ಟದ ಬುಡದವರೆಗೆ ನಡೆದು ಬನ್ನಿ ಎಂದರು. ಔಷಧವಾಗಿದ್ದರೆ ಗುಟ್ಟಾಗಿ ಚೆಲ್ಲಿಬಿಡಬಹುದಿತ್ತು.

ಮರುದಿನವೇ ಕೋಟು ತೊಟ್ಟು, ಬೆತ್ತ ಹಿಡಿದು ಹೊರಟೆ. ಊರಾಚೆ ಒಂದು ಹೊಂಗೆಮರ, ಅದರಡಿ ಕುರಿ ಮೇಯಿಸುವ ಈರಜ್ಜ. ಮಾತಿಗೆ ಕೂತೆ. ಅವನು ಕಡಲೆಕಾಯಿ ಸುಟ್ಟು ಕೊಟ್ಟ. ಬೆಟ್ಟ ಎಲ್ಲಿಗೂ ಓಡಿಹೋಗುವುದಿಲ್ಲ, ನಾಳೆ ನೋಡೋಣ ಎಂದುಕೊಂಡೆ. ಹೀಗೇ ಒಂದು ತಿಂಗಳಾಯಿತು. ಮನೆಗೆ ಬಂದು ಉಸ್ಸೆಂದು ಕೂತರೆ, ಪಾಪ ದಣಿದಿದ್ದಾರೆಂದು ಶಾರದೆ ಎರಡು ದೋಸೆ ಹೆಚ್ಚಿಗೆ ಹಾಕುತ್ತಿದ್ದಳು. ಕೋಟಿನ ಗುಂಡಿಗೆ ಮಾತ್ರ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಒಂದು ಬೆಳಿಗ್ಗೆ ಕಿತ್ತುಬಂತು. ಅದನ್ನು ಹೊಲಿದುಕೊಟ್ಟ ಶಾರದೆ ಸೆರಗು ಹೊದ್ದು ನನ್ನ ಜೊತೆಗೇ ಹೊರಟಳು.

ಅವಳನ್ನು ಕಂಡು ಈರಜ್ಜ ಎದ್ದು ಕೈಮುಗಿದ. "ಸ್ವಾಮೇರು ದಿನಾ ಇಲ್ಲೇ ಕುಂತ್ಕಂಡು ಕಡ್ಲೆಕಾಯಿ ತಿಂತಾರೆ ಕಣಮ್ಮ. ನಂಗೂ ಜೊತೆ ಆಯ್ತದೆ" ಎಂದ, ನನ್ನನ್ನು ಹೊಗಳುವ ಆಸೆಯಿಂದ.

ಬೈಗುಳಕ್ಕೆ ಕಾದು ನಿಂತೆ. ಶಾರದೆ ಅಲ್ಲೇ ಕಲ್ಲಿನ ಮೇಲೆ ಕೂತಳು. "ಮಾವನವರೂ ಇದೇ ವಯಸ್ಸಿಗೆ, ಹೀಗೇ ಏದುಸಿರು ಬಿಡುತ್ತಾ ಹೋದರು. ನಾನು ನಿಮ್ಮನ್ನ ಒಡವೆ ಕೇಳಲಿಲ್ಲ. ಒಂದು ಮೈಲಿ ನಡೀರಿ ಅಂದೆ" ಎಂದು ಮುಖ ಆ ಕಡೆ ತಿರುಗಿಸಿಕೊಂಡಳು. ನಾನು ಬೆತ್ತ ಎತ್ತಿಕೊಂಡು ಬೆಟ್ಟದ ಕಡೆಗೆ ನಡೆದೆ.

ಅಂದಿನಿಂದ ಇಬ್ಬರದೂ ನಡಿಗೆ. ಅವಳು ಹತ್ತು ಹೆಜ್ಜೆ ಮುಂದೆ. ನನಗೆ ಉಸಿರು ಕಟ್ಟಿದಾಗಲೆಲ್ಲ ಸೀರೆಗೆ ಹತ್ತಿದ ಮುಳ್ಳು ಕೀಳುವ ನೆಪದಲ್ಲಿ ನಿಲ್ಲುತ್ತಿದ್ದಳು. ಮುಳ್ಳು ಇರಲಿಲ್ಲವೆಂದು ಇಬ್ಬರಿಗೂ ಗೊತ್ತು. ಆರು ತಿಂಗಳಲ್ಲಿ ಕಚೇರಿಯ ಮೆಟ್ಟಿಲು ಹತ್ತಿದ್ದೇ ತಿಳಿಯದಂತಾಯಿತು, ನಿದ್ದೆ ಚೆನ್ನಾಗಿ ಹತ್ತಿತು, ಅವಳ ಮಂಡಿನೋವೂ ಮಾಯವಾಯಿತು.

ಈಗ ಸಿಕ್ಕಸಿಕ್ಕವರನ್ನೆಲ್ಲ ನಿಲ್ಲಿಸಿ ನಡಿಗೆಯ ಗುಣಗಾನ ಮಾಡುತ್ತೇನೆ. ಹಾಗಾಗಿ ನಾನು ಬರುವುದನ್ನು ದೂರದಿಂದ ಕಂಡರೂ ಸಾಕು, ಶಿರಸ್ತೇದಾರರು ಕೂಡ ಪಂಚೆ ಎತ್ತಿಕಟ್ಟಿ ಬಿರಬಿರನೆ ಬೇರೆ ಬೀದಿ ಹಿಡಿಯುತ್ತಾರೆ. ಒಟ್ಟಿನಲ್ಲಿ ನನ್ನಿಂದ ಊರಿಗೆಲ್ಲ ವ್ಯಾಯಾಮವಾಗುತ್ತಿದೆ.